ಅಪ್ಪನಿಗೆ ಅರಳುಮರಳು ಶುರುವಾಯಿತಾ?

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಎರಡನೇ ರಾತ್ರಿ ಹೊದಿಕೆಯ ದಾರ ಕೀಳುತ್ತಾ, "ಗದ್ದೆಗೆ ನೀರು ಬಿಟ್ಯಾ?" ಅಂತ ಕೇಳಿದರು. ಬೆಳಿಗ್ಗೆ ಸರಿಯಿದ್ದರು. ಡಾಕ್ಟರು "ವಯಸ್ಸಾಯ್ತಲ್ವಾ" ಎಂದು ನಿದ್ದೆ ಇಂಜೆಕ್ಷನ್ ಕೊಡಿಸಿದರು. ಈಗ ಮಂಕಾಗಿ ಮಲಗೇ ಇರುತ್ತಾರೆ. ಇದು ಅರಳುಮರಳಾ?

ಉತ್ತರ: ಅರಳುಮರಳು ಎರಡು ದಿನದಲ್ಲಿ ಬರುವುದಿಲ್ಲ. ನೀವು ಹೇಳುವುದು ಡೆಲಿರಿಯಂ, ಅಂದರೆ ಮೈಯಲ್ಲಿನ ಬೇರೆ ತೊಂದರೆಯಿಂದ ಬುದ್ಧಿಗೆ ಗೊಂದಲ ಹಿಡಿಯುವುದು, ಇದ್ದಂತಿದೆ. ದಿಢೀರನೆ ಬರುತ್ತದೆ, ಗಳಿಗೆಗೊಂದು ರೀತಿ ಇರುತ್ತದೆ, ಗಮನ ನಿಲ್ಲುವುದಿಲ್ಲ. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ ನೋಡಿ. ಶನಿವಾರ, ಶುಕ್ರವಾರ ಅಂತ ಶುರು ಮಾಡಿ ನಡುವೆ ದಾರಿ ತಪ್ಪುತ್ತಾರೆ.

ನನಗೆ ಜಾಸ್ತಿ ಚಿಂತೆ ಅವರು ಈಗ ಸುಮ್ಮನಾಗಿರುವುದರ ಬಗ್ಗೆ. ಕೂಗಾಡುವವರನ್ನು ಎಲ್ಲರೂ ನೋಡುತ್ತಾರೆ, ಮಂಕಾದವರು ನಮ್ಮ ಕಣ್ಣು ತಪ್ಪುತ್ತಾರೆ. ನಾನು ಕಿರಿಯ ವೈದ್ಯನಾಗಿದ್ದಾಗ ಒಬ್ಬ ಅಜ್ಜಿಯ ಕೇಸ್ ಶೀಟಿನಲ್ಲಿ "ಚೆನ್ನಾಗಿ ನಿದ್ದೆ ಮಾಡಿದ್ದಾರೆ" ಎಂದು ಬರೆದಿದ್ದೆ. ಮಾರನೇ ದಿನ ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿದಾಗ ಮೂತ್ರ ಕಟ್ಟಿಕೊಂಡು ಕಲ್ಲಿನಂತಾಗಿತ್ತು. ಟ್ಯೂಬ್ ಹಾಕಿ ಮೂತ್ರ ತೆಗೆದ ಮೇಲೆ, ಸಂಜೆಗೆ ಅಜ್ಜಿ ಮಗಳ ಹೆಸರು ಹಿಡಿದು ಕರೆದರು. ಆ ಸಾಲು ಬರೆದದ್ದಕ್ಕೆ ಈಗಲೂ ನೋವಾಗುತ್ತದೆ.

2009ರಲ್ಲಿ ಬ್ರಿಟನ್ನಿನ ಕಿರಿಯ ವೈದ್ಯರ ಸಮೀಕ್ಷೆಯೊಂದು ಪ್ರಕಟವಾಯಿತು. ಡೆಲಿರಿಯಂ ಸಾಮಾನ್ಯ, ಅಪಾಯಕಾರಿ ಎಂದು ಬಹುಪಾಲು ಜನರಿಗೆ ಗೊತ್ತಿತ್ತು. ಗುರುತಿಸುವುದು ಹೇಗೆ, ಏನು ಮಾಡಬೇಕು ಎಂಬಲ್ಲಿ ಎಡವಿದ್ದರು. ನಮ್ಮ ವಾರ್ಡುಗಳಲ್ಲೂ ನಾನು ಅದನ್ನೇ ನೋಡಿದ್ದೇನೆ.

"ವಯಸ್ಸು" ಅನ್ನುವುದು ಕಾರಣವಲ್ಲ. ಸೋಂಕು, ನೋವು, ಮಲಬದ್ಧತೆ, ಸೋಡಿಯಂ ಕಡಿಮೆಯಾಗುವುದು, ಹೊಸ ಔಷಧಿ, ಯಾವುದೂ ಇರಬಹುದು. ಅವರಿಗೆ ಕುಡಿತದ ಅಭ್ಯಾಸವಿದ್ದರೆ ಮುಚ್ಚಿಡಬೇಡಿ, ಅದು ಏಕಾಏಕಿ ನಿಂತರೂ ಹೀಗಾಗುತ್ತದೆ, ಅದರ ಚಿಕಿತ್ಸೆಯೇ ಬೇರೆ. ಅದೊಂದನ್ನು ಬಿಟ್ಟರೆ ಲೋರಾಜೆಪಾಮ್‌ನಂಥ ನಿದ್ದೆ ಔಷಧಿ ಡೆಲಿರಿಯಂ ಹೆಚ್ಚಿಸಬಹುದು. ಕೊಟ್ಟ ಇಂಜೆಕ್ಷನ್ ಯಾವುದು ಎಂದು ಇವತ್ತೇ ಕೇಳಿ. "ಬೀಳುವ ಮುಂಚೆ ಹೀಗಿರಲಿಲ್ಲ ಸರ್, ಕಾರಣ ಹುಡುಕಿ" ಎಂದು ಬಿಡದೆ ಹೇಳಿ. ಮುಂಚೆ ಹೇಗಿದ್ದರು ಎಂಬುದು ನಿಮಗೆ ಗೊತ್ತು, ಡಾಕ್ಟರಿಗೆ ಗೊತ್ತಿಲ್ಲ.

ಕನ್ನಡಕ, ಕಿವಿ ಮಷೀನು ಮನೆಯಲ್ಲಿದ್ದರೆ ತಂದುಕೊಡಿ. ಅವರಿಗೆ ಹತ್ತಿರದವರೊಬ್ಬರು ಜೊತೆಗಿರಲಿ. ಹಗಲು ಬೆಳಕಲ್ಲಿ ಕೂರಿಸಿ, ನೀರು ಕುಡಿಸಿ, ರಾತ್ರಿ ಮಲಗಲು ಬಿಡಿ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಇಂಥ ಆರೈಕೆಯನ್ನೇ ಕ್ರಮವಾಗಿ ಮಾಡಿದಾಗ ಡೆಲಿರಿಯಂ ಬಂದವರು ಶೇ. 15ರಿಂದ 9.9ಕ್ಕೆ ಇಳಿದರು; ಇದು 1999ರ ವರದಿ. ಕೈ ಕಟ್ಟಲು ಮಾತ್ರ ಒಪ್ಪಬೇಡಿ, ಗಾಬರಿ ಜಾಸ್ತಿಯಾಗುತ್ತದೆ.

ಪೂರ್ತಿ ಸರಿಹೋಗಲು ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಮರೆವಿನ ಪರೀಕ್ಷೆ ಈಗ ಬೇಡ. ಮನೆಗೆ ಬಂದು ಎರಡು ಮೂರು ತಿಂಗಳಾದರೂ ಮರೆವು ಉಳಿದಿದ್ದರೆ ಆಗ ಮಾಡಿಸಿ.