ಮೆಟ್ಟಿಲುಗಳಿಂದ ಶುರು ಮಾಡಿ

ನಮಸ್ಕಾರ.

ಆಟಿಸ್ಟಿಕ್ ಚಿತ್ರಕಾರರಾದ ನೀವು ನಿಮ್ಮ ಬಗ್ಗೆಯೇ ಬರೆದ ‘ಬಣ್ಣದೊಳಗಿನ ನಾನು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಿಮಗೆ ಸುಸ್ತಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಆದರೆ ತಿದ್ದಿ ಕಳಿಸಿ ಎಂದು ಕೇಳುತ್ತಿದ್ದೇನೆ, ಮತ್ತು ಅದನ್ನು ಸುಮ್ನೆ ಬಾಯಿಮಾತಿಗೆ ಕೇಳುತ್ತಿಲ್ಲ. ಈ ಹನ್ನೆರಡು ಪುಟಗಳ ಒಳಗೆ ಒಂದು ಬಹಳ ಒಳ್ಳೆಯ ಲೇಖನ ಇದೆ. ಅದು ಒಂಬತ್ತನೇ ಪುಟದಲ್ಲಿ ಶುರುವಾಗುತ್ತದೆ.

ಮೊದಲ ಎಂಟು ಪುಟಗಳಲ್ಲಿ ಏನಿದೆ? ಆಟಿಸಂ ಎಂದರೇನು, 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದದ್ದು, ಲಕ್ಷಣಗಳ ಪಟ್ಟಿ, ಹೆಸರು ಮಾಡಿದ ಆಟಿಸ್ಟಿಕ್ ಕಲಾವಿದರ ಪರಿಚಯ. ಇದರಲ್ಲಿ ತಪ್ಪು ಜಾಸ್ತಿ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಲಕ್ಷಣಗಳ ಪಟ್ಟಿಯಂತೂ ಹಳೆಯದು. ಸದ್ದು, ಬೆಳಕು, ಸ್ಪರ್ಶ ಅತಿಯಾಗಿಯೋ ಕಡಿಮೆಯಾಗಿಯೋ ತಟ್ಟುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಲಕ್ಷಣಗಳ ಜೊತೆ ಸೇರಿಸಿತು. ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ. ಆದರೆ ನಿಮ್ಮ ಲೇಖನದ ಅತ್ಯಂತ ಜೀವಂತ ಸಾಲುಗಳೆಲ್ಲ ಸದ್ದು ಮತ್ತು ಬೆಳಕಿನ ಬಗ್ಗೆಯೇ ಇವೆ. ನಿಮಗೆ ಗೊತ್ತಿರುವುದು ಆ ಪಟ್ಟಿಗಿಂತ ಜಾಸ್ತಿ. ಪಟ್ಟಿ ತೆಗೆದುಹಾಕಿ.

ಸ್ಟೀಫನ್ ವಿಲ್ಟ್‌ಶೈರ್ ಬಗ್ಗೆ ಬರೆದ ಪುಟವನ್ನೂ ತೆಗೆಯಿರಿ. ಹೆಲಿಕಾಪ್ಟರ್‌ನಿಂದ ಒಮ್ಮೆ ನೋಡಿ, 2005ರಲ್ಲಿ ಟೋಕಿಯೋ ನಗರವನ್ನು 10 ಮೀಟರ್ ಉದ್ದದ ಕ್ಯಾನ್ವಾಸಿನ ಮೇಲೆ ನೆನಪಿನಿಂದಲೇ ಬಿಡಿಸಿದವರು ಅವರು. ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ವಿಷಯ ಮುಗಿದ ತಕ್ಷಣ ನೀವು ಬರೆಯುತ್ತೀರಿ: ‘ನನಗೆ ಅಂಥ ಯಾವ ವರವೂ ಇಲ್ಲ.’ ಈ ಅಳತೆಗೋಲು ನಿಮಗೆ ಯಾಕೆ ಬೇಕು? ಆಟಿಸ್ಟಿಕ್ ಜನರಲ್ಲಿ ಅಂಥ ನೆನಪಿನ ಶಕ್ತಿ ಇರುವವರು ಕೆಲವರು, ಇಲ್ಲದವರೇ ಹೆಚ್ಚು. ಚಿತ್ರ ಬಿಡಿಸುವುದಕ್ಕೆ ಅದು ಅರ್ಹತೆಯೂ ಅಲ್ಲ. ಓದುಗರು ನಿಮ್ಮನ್ನು ಯಾರ ಪಕ್ಕದಲ್ಲೂ ನಿಲ್ಲಿಸಿ ನೋಡುತ್ತಿರಲಿಲ್ಲ. ನಿಲ್ಲಿಸಿದ್ದು ನೀವೇ.

ಈಗ ಒಂಬತ್ತನೇ ಪುಟಕ್ಕೆ ಬರೋಣ. ನಿಮ್ಮ ಕಟ್ಟಡದ ಮೆಟ್ಟಿಲುಗಳನ್ನು ಎರಡು ವರ್ಷದಿಂದ ಬಿಡಿಸುತ್ತಿರುವ ಭಾಗ. ನಿಮ್ಮ ಸಾಲುಗಳನ್ನೇ ಕೊಡುತ್ತೇನೆ: ‘ನಾಲ್ಕನೇ ಮೆಟ್ಟಿಲಿನ ಅಂಚು ಒಡೆದಿದೆ. ಮೂರು ಗಂಟೆಗೆ ಕೆಳಗಿನ ಮೆಟ್ಟಿಲ ಮೇಲೆ ಬೀಳುವ ನೆರಳಿನಲ್ಲಿ ಒಂದು ಸಣ್ಣ ಬೆಳಕಿನ ತೂತು ಇರುತ್ತದೆ. ನಾಲ್ಕೂವರೆಗೆ ಅದು ಮುಚ್ಚಿಹೋಗಿರುತ್ತದೆ. ಆ ತೂತಿಗೆ ನಾನು ಪೆನ್ಸಿಲ್ ತಾಗಿಸುವುದಿಲ್ಲ. ಅದರ ಸುತ್ತ 4ಬಿ, ಅದರಾಚೆ ಎಚ್‌ಬಿ.’

ಇದನ್ನು ಓದಿದ ಮೇಲೆ ನನಗೆ ಆ ಮೆಟ್ಟಿಲು ಕಂಡಿತು. ಇಲ್ಲಿ ಹೊಗಳುವ ಒಂದೂ ವಿಶೇಷಣ ಇಲ್ಲ. ‘ಅದ್ಭುತ’ ಇಲ್ಲ, ‘ಮನಮೋಹಕ’ ಇಲ್ಲ. ಗಂಟೆ, ಜಾಗ, ಪೆನ್ಸಿಲ್ ಇಷ್ಟೇ. ಹೀಗೆ ನೋಡುವುದಕ್ಕೆ ತುಂಬಾ ಪ್ರೀತಿ ಬೇಕು, ಆ ಪ್ರೀತಿಯನ್ನು ಹೆಸರಿಟ್ಟು ಕರೆಯದೆಯೇ ತೋರಿಸಿದ್ದೀರಿ. ಅಂದ ಹಾಗೆ, ಇಡೀ ಲೇಖನದಲ್ಲಿ ಬಣ್ಣವೇ ಇಲ್ಲ, ಗಮನಿಸಿದಿರಾ? ನೀವು ಪೆನ್ಸಿಲ್ ಕಲಾವಿದರು. ಶೀರ್ಷಿಕೆಯಲ್ಲಿ ಮಾತ್ರ ಬಣ್ಣ ಬಂದು ಕೂತಿದೆ.

ಮುಂದಿನ ಸಾಲಿನಲ್ಲೇ ನೀವು ಹಿಂದೆ ಸರಿಯುತ್ತೀರಿ. ‘ಒಂದೇ ವಸ್ತುವಿಗೆ ಅಂಟಿಕೊಳ್ಳುವುದು ಆಟಿಸಂನ ಲಕ್ಷಣಗಳಲ್ಲಿ ಒಂದು’ ಎಂದು ವಿವರಣೆ ಕೊಡುತ್ತೀರಿ. ಯಾರೂ ಕೇಳಿರಲಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1890ರ ದಶಕದಲ್ಲಿ ರೂಆನ್ ಊರಿನ ಚರ್ಚಿನ ಮುಂಭಾಗವನ್ನೇ ಬೆಳಕು ಬದಲಾದ ಹಾಗೆಲ್ಲ ಬರೆದರು, 30ಕ್ಕೂ ಹೆಚ್ಚು ಚಿತ್ರಗಳು. ಇಟಲಿಯ ಚಿತ್ರಕಾರ ಜಾರ್ಜೋ ಮೊರಾಂಡಿ ಜೀವನದುದ್ದಕ್ಕೂ ಹೆಚ್ಚಾಗಿ ಬಾಟಲಿ, ಹೂಜಿಗಳನ್ನೇ ಬಿಡಿಸಿದರು. ಅವರಿಗೆ ಆಟಿಸಂ ಇತ್ತು ಎಂದು ನಾನು ಹೇಳುತ್ತಿಲ್ಲ. ಅವರು ಮಾಡಿದಾಗ ಅದನ್ನು ಸಾಧನೆ ಎನ್ನುತ್ತೇವೆ, ಅಲ್ವಾ? ನೀವು ಮಾಡಿದಾಗ ಅದು ಲಕ್ಷಣ ಯಾಕಾಗಬೇಕು? ನಿಮ್ಮ ಕೆಲಸವನ್ನು ನೀವೇ ವೈದ್ಯರ ಫೈಲಿಗೆ ಸೇರಿಸಬೇಡಿ.

ಹಾಗೆಂದು ಆಟಿಸಂ ಅನ್ನು ಮೆಟ್ಟಿಲುಗಳಿಂದ ದೂರ ಇಡಿ ಎಂದೂ ಹೇಳುತ್ತಿಲ್ಲ. ಎರಡೂ ಕೂಡಿಯೇ ಇವೆ, ಅದೇ ಈ ಬರಹದ ಶಕ್ತಿ. ಆಟಿಸಂ ಸಂಶೋಧಕಿ ಡೈನಾ ಮರ್ರೆ ಮತ್ತು ಸಂಗಡಿಗರು 2005ರಲ್ಲಿ ಒಂದು ವಿಚಾರ ಮುಂದಿಟ್ಟರು. ಆಟಿಸ್ಟಿಕ್ ಮನಸ್ಸಿನ ಗಮನ ಹಲವು ಕಡೆ ಹಂಚಿಹೋಗುವ ಬದಲು ಕೆಲವೇ ವಿಷಯಗಳ ಕಡೆ ಪೂರ್ತಿಯಾಗಿ ಹರಿಯುತ್ತದೆ ಎಂದು. ನೀವು ಬಿಡಿಸುತ್ತಿದ್ದಾಗ ಕೆಳಗಿನಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆ, ಪೆನ್ಸಿಲ್ ಕೈಯಿಂದ ಬಿದ್ದು ನೀವು ಅತ್ತುಬಿಡುತ್ತೀರಿ. ಆ ಸಿದ್ಧಾಂತ ಹೇಳುವುದನ್ನೇ ಈ ಪ್ರಸಂಗ ಹೇಳುತ್ತದೆ, ಇನ್ನೂ ಚೆನ್ನಾಗಿ ಹೇಳುತ್ತದೆ. ಆದರೆ ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ನನಗೆ ಒಂದು ಪುಟ ಬೇಕು. ಕೂಗು ಕಿವಿಗೆ ಬಿದ್ದಾಗ ಮೈಯಲ್ಲಿ ಎಲ್ಲಿ ಏನಾಯಿತು? ಮತ್ತೆ ಪೆನ್ಸಿಲ್ ಹಿಡಿಯಲು ಎಷ್ಟು ಹೊತ್ತು ಬೇಕಾಯಿತು? ಅವತ್ತಿನ ಚಿತ್ರ ಏನಾಯಿತು? ‘ಬಿಡಿಸುವಾಗ ಏನೋ ಗೊಣಗುತ್ತಿರುತ್ತೇನೆ’ ಎಂದಿದ್ದೀರಿ. ಏನದು? ಎಲ್ಲೋ ಕೇಳಿದ ಮಾತೇ? ಅದೇ ಮಾತೇ ಪ್ರತಿ ಸಲವೂ? ಹೇಳಲು ಮನಸ್ಸಿದ್ದರೆ ಬರೆಯಿರಿ. ಇಲ್ಲದಿದ್ದರೆ ಆ ಸಾಲನ್ನೇ ತೆಗೆಯಿರಿ. ‘ಏನೋ’ ಎಂಬುದು ನೀವು ನೋಡುವ ರೀತಿಗೆ ಹೊಂದುವುದಿಲ್ಲ.

ಪ್ರದರ್ಶನದ ಸಂಜೆಯ ಭಾಗ ನನ್ನನ್ನು ಜಾಸ್ತಿ ಕಾಡಿತು. ಕನ್ನಡಿ ಮುಂದೆ ನಗು ಅಭ್ಯಾಸ ಮಾಡಿಕೊಂಡು ಹೋಗುತ್ತೀರಿ. ಟ್ಯೂಬ್‌ಲೈಟ್ ಗುಂಯ್‌ಗುಡುತ್ತಿದೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಅಂಗಿಯ ಲೇಬಲ್ ಕತ್ತಿಗೆ ಚುಚ್ಚುತ್ತಿದೆ. ಕೊನೆಗೆ ಖಾಲಿ ಚೌಕಟ್ಟುಗಳನ್ನು ಇಟ್ಟ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಹಿಂದೆ ಮುಂದೆ ತೂಗುತ್ತಾ ಕೂರುತ್ತೀರಿ. ಇಲ್ಲಿಯವರೆಗೆ ಒಂದು ಅಕ್ಷರವನ್ನೂ ಮುಟ್ಟಬೇಡಿ. ಆಮೇಲೆ ಬರುತ್ತದೆ: ‘ನನ್ನ ಈ ವಿಚಿತ್ರ ವರ್ತನೆಯನ್ನು ಓದುಗರು ಮನ್ನಿಸಬೇಕು.’ ಯಾಕೆ ಮನ್ನಿಸಬೇಕು? ನೀವು ಯಾರಿಗೂ ಏನೂ ಮಾಡಿಲ್ಲ. ಸಹಿಸಲಾರದ ಜಾಗದಿಂದ ಎದ್ದು ಹೋಗಿ, ಮೈಮನಸ್ಸನ್ನು ನೀವೇ ಸಮಾಧಾನ ಮಾಡಿಕೊಂಡಿದ್ದೀರಿ. ಆ ತೂಗಾಟ ನಿಮಗೆ ಏನು ಕೊಟ್ಟಿತು ಎಂದು ಬರೆದರೆ ಸಾಕು.

ನೇರವಾಗಿ ಹೇಳುತ್ತೇನೆ. ನಿಮ್ಮ ಮೊದಲ ಎಂಟು ಪುಟಗಳೂ ಆ ಕನ್ನಡಿ ಮುಂದಿನ ನಗುವಿನ ಹಾಗೇ ಇವೆ. ಓದುಗರಿಗೆ ಇರುಸುಮುರುಸಾಗದಿರಲಿ ಎಂದು ಮಾಡಿಕೊಂಡ ಮುಖ. ಇಷ್ಟು ವರ್ಷ ಎಲ್ಲರೆದುರು ಆ ಮುಖ ಹೊತ್ತು ಎಷ್ಟು ದಣಿದಿದ್ದೀರಿ ಎಂದು ನೀವೇ ಬರೆದಿದ್ದೀರಿ. ಬರಹದಲ್ಲಾದರೂ ಅದನ್ನು ಇಳಿಸಿ.

ಇನ್ನೊಂದು ಕಡೆ ಲೇಖನ ತನ್ನ ಮಾತನ್ನೇ ಅಲ್ಲಗಳೆಯುತ್ತದೆ. ‘ಆಟಿಸ್ಟಿಕ್ ಜನರಿಗೆ ಬೇರೆಯವರ ಭಾವನೆ ಅರ್ಥವಾಗುವುದಿಲ್ಲ’ ಎಂದು ಆರನೇ ಪುಟದಲ್ಲಿದೆ. ಹತ್ತನೇ ಪುಟದಲ್ಲಿ ಪ್ರದರ್ಶನ ಏರ್ಪಡಿಸಿದವರ ಕೈ ನಡುಗುತ್ತಿರುವುದನ್ನು ಆ ಗುಂಪಿನಲ್ಲಿ ನೋಡಿದವರು ನೀವೊಬ್ಬರೇ. ಅವರಿಗೆ ಕುರ್ಚಿ ಎಳೆದು ಕೊಟ್ಟವರೂ ನೀವೇ. ಡೇಮಿಯನ್ ಮಿಲ್ಟನ್ ಎಂಬ ಆಟಿಸ್ಟಿಕ್ ವಿದ್ವಾಂಸರು 2012ರಲ್ಲೇ ಹೇಳಿದ್ದಾರೆ: ಅರ್ಥವಾಗದಿರುವುದು ಒಂದು ಕಡೆಯ ಕೊರತೆಯಲ್ಲ, ಎರಡೂ ಕಡೆಯವರಿಗೆ ಇನ್ನೊಬ್ಬರು ಅರ್ಥವಾಗುತ್ತಿರುವುದಿಲ್ಲ ಎಂದು. ಆರನೇ ಪುಟದ ವಾಕ್ಯ ಹೋಗಲಿ. ಕುರ್ಚಿ ಇರಲಿ.

‘ಗಾಜಿನ ಗೋಡೆಯ ಹಿಂದೆ’, ‘ಬೇರೆ ಗ್ರಹದ ಜೀವಿ’ ಇವೆರಡೂ ಬೇಡ. ಆಟಿಸಂ ಅನ್ನು ಹೊರಗಿನಿಂದ ನೋಡಿದವರು ಬಳಸಿ ಸವೆಸಿದ ಮಾತುಗಳು ಅವು. ‘ಛಲವಿದ್ದರೆ ಎಲ್ಲವನ್ನೂ ಗೆಲ್ಲಬಹುದು’ ಎಂಬ ಕೊನೆಯ ಪ್ಯಾರಾ ಕೂಡ ಬೇಡ. ನೀವು ಆಟಿಸಂ ಅನ್ನು ಗೆದ್ದಿಲ್ಲ. ಅದರ ಜೊತೆಗೇ ಚಿತ್ರ ಬಿಡಿಸುತ್ತಿದ್ದೀರಿ. ತಾಯಿಯ ಭಾಗ ಚೆನ್ನಾಗಿದೆ, ಆದರೆ ಅದು ಬೇರೆಯೇ ಲೇಖನ. ಎತ್ತಿಟ್ಟುಕೊಳ್ಳಿ.

ಇನ್ನು ಕೆಲಸದ ಮಾತು. ಅಸ್ಪಷ್ಟ ಸೂಚನೆಗಳಿಂದ ಕಷ್ಟವಾಗುತ್ತದೆ ಎಂದಿದ್ದೀರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಒಂಬತ್ತು, ಹತ್ತು, ಹನ್ನೊಂದನೇ ಪುಟಗಳನ್ನು ಮಾತ್ರ ಇಟ್ಟುಕೊಳ್ಳಿ. ನಾನು ಕೇಳಿದ ಪ್ರಶ್ನೆಗಳಲ್ಲಿ ಉತ್ತರಿಸಬೇಕೆನಿಸಿದವಕ್ಕೆ ಅಲ್ಲೇ ಉತ್ತರಿಸಿ. ಒಟ್ಟು 1,500 ಪದ ಮೀರದಿರಲಿ. ಭಾಗಗಳು ಒಂದಕ್ಕೊಂದು ಜೋಡಣೆಯಾಗದಿದ್ದರೆ ನಡುವೆ ಒಂದು ಸಾಲು ಖಾಲಿ ಬಿಡಿ, ಜೋಡಿಸುವ ವಾಕ್ಯ ಹುಡುಕಬೇಡಿ. ಕೊನೆಯ ದಿನಾಂಕ ಎಂದು ಯಾವುದೂ ಇಲ್ಲ. ಮುಗಿದಾಗ ಕಳಿಸಿ. ನಿಮಗೆ ಯಾರೂ ಫೋನ್ ಮಾಡುವುದಿಲ್ಲ, ಎಲ್ಲವೂ ಇಮೇಲ್‌ನಲ್ಲೇ. ಬಂದ ಮೇಲೆ ನಾನು ಎಲ್ಲಾದರೂ ತಿದ್ದಿದರೆ, ಆ ಪ್ರತಿಯನ್ನು ನಿಮಗೆ ತೋರಿಸಿ, ನೀವು ಒಪ್ಪಿದ ಮೇಲೆಯೇ ಅಚ್ಚಿಗೆ ಕಳಿಸುತ್ತೇನೆ.

ಮೆಟ್ಟಿಲಿನ ಚಿತ್ರಗಳಲ್ಲಿ ಎರಡನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಜೊತೆಗೆ ಕಳಿಸಿ. ಒಂದು ಮೂರು ಗಂಟೆಯದು, ಇನ್ನೊಂದು ನಾಲ್ಕೂವರೆಯದು. ಅವೆರಡನ್ನೂ ಎದುರುಬದುರು ಪುಟಗಳಲ್ಲಿ ಹಾಕಬೇಕೆಂದಿದ್ದೇನೆ.

ಇಂತಿ,
ಸಂಪಾದಕ