ಆಟ ಕಂಡುಹಿಡಿದವರ ಕೈಯಲ್ಲೇ ಸೋಲು ಜಾಸ್ತಿ ಕಂಡ ತಂಡ: ಕಾನ್ಸಾಸ್ ಜೇಹಾಕ್ಸ್

ನಿಮ್ಮ ಪ್ರಶ್ನೆ: "ಕಾನ್ಸಾಸ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಜೇಹಾಕ್ಸ್‌ಗೆ ಆ ಆಟ ಕಂಡುಹಿಡಿದವರೇ ಮೊದಲ ಕೋಚ್ ಅಂತೆ. ಆದರೆ ಗೆಲುವಿಗಿಂತ ಸೋಲು ಜಾಸ್ತಿ ಇರುವ ಕೋಚ್ ಕೂಡ ಅವರೊಬ್ಬರೇ ಅಂತೆ. ನಿಜವಾ? ಹಾಗಿದ್ದರೆ ತಂಡ ಇಷ್ಟು ಹೆಸರು ಮಾಡಿದ್ದು ಹೇಗೆ?"

ನಿಜ. ಜೇಮ್ಸ್ ನೈಸ್ಮಿತ್ ಅವರ ಲೆಕ್ಕ 55 ಗೆಲುವು, 60 ಸೋಲು. ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ನಾನು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿಕೊಂಡವನು, ಅದರಲ್ಲೂ ಈ ತಂಡದ ಹಳೆಯ ಕಥೆಗಳು ಅಂದರೆ ಮುಗೀತು. ಹಾಗಾಗಿ ಸ್ವಲ್ಪ ಎಳೆದರೆ ಸಹಿಸಿಕೊಳ್ಳಿ.

ನೈಸ್ಮಿತ್ ಈ ಆಟ ಕಟ್ಟಿದ್ದು ಕಾನ್ಸಾಸ್‌ನಲ್ಲಿ ಅಲ್ಲ. 1891ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಚಳಿಗಾಲದಲ್ಲಿ ಒಳಗೆ ಕೂತು ಬೇಸತ್ತ ಹುಡುಗರಿಗೆ ಒಂದು ಆಟ ಬೇಕಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿ ತೂಗುಹಾಕಿ, 13 ನಿಯಮ ಬರೆದು, ಒಂದು ಕಡೆಗೆ 9 ಜನರಂತೆ ಆಡಿಸಿದರು. ಆಮೇಲೆ ಡಾಕ್ಟರ್ ಓದು ಮುಗಿಸಿ 1898ರಲ್ಲಿ ಕಾನ್ಸಾಸ್‌ನ ಲಾರೆನ್ಸ್ ಊರಿಗೆ ಬಂದರು. ಬಂದಿದ್ದು ಕೋಚ್ ಆಗಿ ಅಲ್ಲ. ವಿಶ್ವವಿದ್ಯಾಲಯದ ಪ್ರಾರ್ಥನಾ ಮಂದಿರ ನೋಡಿಕೊಳ್ಳುವುದು, ವಿದ್ಯಾರ್ಥಿಗಳಿಗೆ ವ್ಯಾಯಾಮ ಕಲಿಸುವುದು ಅವರ ಕೆಲಸ. ಬ್ಯಾಸ್ಕೆಟ್‌ಬಾಲ್ ಅದರ ಜೊತೆಗೆ ಬಂದ ಬಾಲ, ಅಷ್ಟೇ. 1899ರ ಫೆಬ್ರವರಿಯಲ್ಲಿ ತಂಡದ ಮೊದಲ ಪಂದ್ಯ, ಕಾನ್ಸಾಸ್ ಸಿಟಿಯ ವೈಎಂಸಿಎ ತಂಡದ ಎದುರು. 16-5ರಲ್ಲಿ ಸೋತರು!

ಅವರಿಗೆ ಸೋಲು ದೊಡ್ಡ ವಿಷಯವೇ ಆಗಿರಲಿಲ್ಲ. ಹುಡುಗರ ಮೈ ಗಟ್ಟಿಯಾಗಬೇಕು, ನಡತೆ ನೆಟ್ಟಗಿರಬೇಕು, ಆಟ ಇರುವುದು ಅದಕ್ಕೆ ಅನ್ನುವವರು ಅವರು. ಅವರ ಕೈಕೆಳಗೆ ಆಡಿದ ಫಾಗ್ ಅಲೆನ್ ಎಂಬ ಹುಡುಗ ಇನ್ನೊಂದು ಕಾಲೇಜಿಗೆ ಕೋಚ್ ಆಗಲು ಹೊರಟಾಗ, ಈ ಆಟಕ್ಕೆ ಕೋಚ್ ಯಾಕಯ್ಯಾ, ಸುಮ್ನೆ ಆಡುವುದು ತಾನೇ ಅಂತ ನೈಸ್ಮಿತ್ ನಕ್ಕರಂತೆ. ಅಲೆನ್ ಆ ಮಾತು ಕೇಳಲಿಲ್ಲ. ಕಾನ್ಸಾಸ್ ತಂಡದ ಇತಿಹಾಸ ನಿಜವಾಗಿ ಶುರುವಾಗುವುದು ಅಲ್ಲಿಂದ ಅಂತ ನನ್ನ ಅಭಿಪ್ರಾಯ.

ಅಲೆನ್ 1907ರಲ್ಲಿ ಗುರುವಿನ ಜಾಗಕ್ಕೇ ಬಂದರು. ಎರಡು ವರ್ಷ ಇದ್ದು ಬಿಟ್ಟು ಹೋಗಿ, 1919ರಲ್ಲಿ ಮತ್ತೆ ಬಂದು, 1956ರವರೆಗೆ ಜಾಗ ಬಿಡಲಿಲ್ಲ. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ, ಮಂಜಿನಲ್ಲಿ ಹಡಗುಗಳು ಊದುವ ಫಾಗ್‌ಹಾರ್ನ್‌ನಂತಿದ್ದ ಗಡಸು ದನಿಯಿಂದ ಬಂದ ಅಡ್ಡಹೆಸರು ಫಾಗ್. ಆಟಗಾರರ ಉಳುಕು ನೋವು ತಾನೇ ನೀವಿ ಸರಿಮಾಡುವಷ್ಟು ವೈದ್ಯವೂ ಗೊತ್ತಿತ್ತು. ಕಾನ್ಸಾಸ್‌ಗೆ 590 ಪಂದ್ಯ ಗೆದ್ದುಕೊಟ್ಟರು. ಕೋಚಿಂಗ್ ಅನ್ನುವುದು ಒಂದು ವೃತ್ತಿ ಅಂತ ಎದೆ ತಟ್ಟಿ ತೋರಿಸಿದವರು ಇವರೇ. ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಬೇಕು ಅಂತ ವರ್ಷಗಟ್ಟಲೆ ಹಠ ಹಿಡಿದವರಲ್ಲೂ ಇವರೇ ಮುಂದೆ. 1936ರಲ್ಲಿ ಬರ್ಲಿನ್‌ನಲ್ಲಿ ಅದು ಆಯಿತು, ನೈಸ್ಮಿತ್ ಖುದ್ದಾಗಿ ಹೋಗಿ ನೋಡಿದರು. ಫೈನಲ್ ದಿನ ಮಳೆ. ಬಯಲಲ್ಲಿ, ಮಣ್ಣಿನ ಅಂಕಣದಲ್ಲಿ, ಚೆಂಡು ಪುಟಿಯದ ಕೆಸರಿನಲ್ಲಿ ಅಮೆರಿಕ 19-8ರಲ್ಲಿ ಕೆನಡಾವನ್ನು ಸೋಲಿಸಿತು. ನೈಸ್ಮಿತ್ ಹುಟ್ಟಿದ್ದು ಕೆನಡಾದಲ್ಲಿ, ನೆನಪಿರಲಿ.

ಈಗ ಅಲೆನ್ ಶಿಷ್ಯರನ್ನು ನೋಡಿ. ಅಡಾಲ್ಫ್ ರಪ್ 1920ರ ದಶಕದ ಶುರುವಿನಲ್ಲಿ ಅವರ ತಂಡದಲ್ಲಿದ್ದರು, ಮುಂದೆ ಕೆಂಟಕಿ ತಂಡವನ್ನು ಕಟ್ಟಿದರು. ಡೀನ್ ಸ್ಮಿತ್ 1952ರಲ್ಲಿ ಅವರ ತಂಡದ ಬೆಂಚಿನ ಮೇಲಿದ್ದರು, ಮುಂದೆ ನಾರ್ತ್ ಕ್ಯಾರೊಲಿನಾವನ್ನು ಎಲ್ಲಿಗೋ ಒಯ್ದರು. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮೂರು ದೊಡ್ಡ ಹೆಸರು ಕಾನ್ಸಾಸ್, ಕೆಂಟಕಿ, ನಾರ್ತ್ ಕ್ಯಾರೊಲಿನಾ ಅಂದರೆ, ಮೂರಕ್ಕೂ ಬೇರು ಲಾರೆನ್ಸ್‌ನಲ್ಲಿದೆ. ಎದುರಾಳಿಗಳನ್ನು ತಾನೇ ಸಾಕಿ ಬೆಳೆಸಿದ ತಂಡ ಇದು.

ನೈಸ್ಮಿತ್ ಅವರದೇ ಇನ್ನೊಬ್ಬ ಶಿಷ್ಯನ ಹೆಸರು ಇಂಥ ಪಟ್ಟಿಯಲ್ಲಿ ಬಹಳ ಜನ ಬಿಟ್ಟೇಬಿಡುತ್ತಾರೆ: ಜಾನ್ ಮೆಕ್ಲೆಂಡನ್. 1933ರಲ್ಲಿ ಕಾನ್ಸಾಸ್‌ಗೆ ಓದಲು ಬಂದ ಕಪ್ಪು ಹುಡುಗ. ತಂಡದಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಕೋಚಿಂಗ್ ಬಿಟ್ಟು ಆಗಲೇ 26 ವರ್ಷವಾಗಿದ್ದ ನೈಸ್ಮಿತ್ ಅವನಿಗೆ ಮಾರ್ಗದರ್ಶಕರಾದರು. ಆ ಹುಡುಗ ಕಾನ್ಸಾಸ್ ಜೆರ್ಸಿ ಒಂದು ದಿನವೂ ಹಾಕಲಿಲ್ಲ, ಆದರೆ ಆಟವನ್ನು ಅದರ ಜನಕನಿಂದಲೇ ಕಲಿತ. ಆಮೇಲೆ ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಕೋಚ್ ಆಗಿ, ಓಡಿ ಓಡಿ ಎದುರಾಳಿಯ ಉಸಿರು ಕಟ್ಟಿಸುವ ವೇಗದ ಆಟ ಕಲಿಸಿದರು. 1944ರ ಮಾರ್ಚ್‌ನ ಒಂದು ಭಾನುವಾರ ಬೆಳಗ್ಗೆ, ಊರೆಲ್ಲ ಚರ್ಚ್‌ನಲ್ಲಿದ್ದಾಗ, ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡ ಗುಟ್ಟಾಗಿ ಇವರ ಜಿಮ್‌ಗೆ ಬಂತು. ಬಾಗಿಲಿಗೆ ಬೀಗ, ಪ್ರೇಕ್ಷಕರಿಲ್ಲ. ಕಪ್ಪು-ಬಿಳಿಯರು ಒಟ್ಟಿಗೆ ಆಡುವುದು ಅಲ್ಲಿ ಆಗ ಊಹಿಸಲೂ ಆಗದ ಮಾತು. ಮೆಕ್ಲೆಂಡನ್ ಹುಡುಗರು 88-44ರಲ್ಲಿ ಗೆದ್ದರು. ಮುಗಿದ ಮೇಲೆ ಎರಡೂ ಕಡೆಯವರು ತಂಡಗಳನ್ನು ಬೆರೆಸಿಕೊಂಡು ಇನ್ನೊಂದು ಆಟ ಆಡಿದರು. ಕಾನ್ಸಾಸ್ ಇತಿಹಾಸ ಬರೆಯುವಾಗ ಇದನ್ನು ಸೇರಿಸಲೇಬೇಕು ಅಂತ ನನ್ನ ಹಠ, ಏಕೆಂದರೆ ನೈಸ್ಮಿತ್ ಅವರ 55-60ರ ಲೆಕ್ಕದಲ್ಲಿ ಇದು ಎಲ್ಲೂ ಬರುವುದಿಲ್ಲ.

ಕಪ್‌ಗಳ ವಿಷಯಕ್ಕೆ ಬರೋಣ. ಎನ್‌ಸಿಎಎ ಟೂರ್ನಿ, ಅಂದರೆ ಅಮೆರಿಕದ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿ, ಶುರುವಾಗಿದ್ದು 1939ರಲ್ಲಿ. ಮರುವರ್ಷ ಫೈನಲ್‌ನಲ್ಲಿ ಕಾನ್ಸಾಸ್ ಇಂಡಿಯಾನಾಗೆ ಸೋತಿತು. 1952ರಲ್ಲಿ ಸೇಂಟ್ ಜಾನ್ಸ್ ತಂಡವನ್ನು 80-63ರಲ್ಲಿ ಹೊಡೆದು ಮೊದಲ ಕಪ್. ಕ್ಲೈಡ್ ಲವ್ಲೆಟ್ ಒಬ್ಬರದ್ದೇ 33 ಪಾಯಿಂಟ್. ಅದೇ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ 7 ಜನ ಕಾನ್ಸಾಸ್ ಹುಡುಗರು.

ಆಮೇಲೆ ವಿಲ್ಟ್ ಚೇಂಬರ್ಲಿನ್. ಏಳಡಿ ದಾಟಿದ ಆಳು. ಅಲೆನ್ ಅವರೇ ವಿಲ್ಟ್‌ನನ್ನು ಒಪ್ಪಿಸಿ ಕರೆತಂದರು, ಆದರೆ ಆಗಿನ ನಿಯಮದ ಪ್ರಕಾರ ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅಷ್ಟರಲ್ಲಿ 70 ತುಂಬಿದ ಅಲೆನ್‌ಗೆ ಕಡ್ಡಾಯ ನಿವೃತ್ತಿ. ಹೊಟ್ಟೆ ಉರಿಯಲ್ವಾ? ವಿಲ್ಟ್ ಮೊದಲ ಪಂದ್ಯದಲ್ಲೇ 52 ಪಾಯಿಂಟ್, 31 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು ಹಿಡಿಯುವುದು) ತೆಗೆದಾಗ ಕೋಚ್ ಜಾಗದಲ್ಲಿದ್ದವರು ಡಿಕ್ ಹಾರ್ಪ್.

1957ರ ಫೈನಲ್ ಕಾನ್ಸಾಸ್ ಸಿಟಿಯಲ್ಲಿ, ಅಂದರೆ ಹೆಚ್ಚುಕಡಿಮೆ ಮನೆ ಅಂಗಳದಲ್ಲಿ. ಎದುರಿಗೆ ಒಂದೂ ಪಂದ್ಯ ಸೋಲದ ನಾರ್ತ್ ಕ್ಯಾರೊಲಿನಾ. ಆಟ ಶುರುವಾಗುವಾಗ ಮೇಲಕ್ಕೆ ಎಸೆದ ಚೆಂಡಿಗೆ ಇಬ್ಬರು ಎದುರುಬದುರು ಹಾರುವ ಜಂಪ್‌ಗೆ ಅವರ ಕೋಚ್ ಫ್ರಾಂಕ್ ಮಗ್ವಾಯರ್ ಯಾರನ್ನು ಕಳಿಸಿದರು ಗೊತ್ತಾ? ಆರಡಿಯೂ ಇಲ್ಲದ ಟಾಮಿ ಕೆರ್ನ್ಸ್‌ನನ್ನು. ಜಂಪ್ ಹೇಗೂ ವಿಲ್ಟ್‌ನದ್ದೇ, ಅವನ ತಲೆಯನ್ನಾದರೂ ಕೆಡಿಸೋಣ ಅನ್ನುವ ಲೆಕ್ಕ. ವಿಲ್ಟ್ ಸುತ್ತ ಇಬ್ಬರು ಮೂವರು ಸದಾ ಅಂಟಿಕೊಂಡೇ ಇದ್ದರು. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನುವ ಶಾಟ್ ಕ್ಲಾಕ್ ಇಲ್ಲದ ಕಾಲ, ಚೆಂಡು ಹಿಡಿದುಕೊಂಡೇ ನಿಮಿಷ ಕಳೆಯಬಹುದಿತ್ತು. 46-46ರಲ್ಲಿ ಸಮ. ಮೊದಲ ಓವರ್‌ಟೈಮ್‌ನಲ್ಲಿ ಇಬ್ಬರಿಗೂ ಎರಡೆರಡು ಪಾಯಿಂಟ್, ಎರಡನೆಯದರಲ್ಲಿ ಇಬ್ಬರಿಗೂ ಸೊನ್ನೆ. ಮೂರನೆಯದರಲ್ಲಿ 6 ಸೆಕೆಂಡ್ ಉಳಿದಾಗ ಕಾನ್ಸಾಸ್ ಒಂದು ಪಾಯಿಂಟ್ ಮುಂದೆ. ನಾರ್ತ್ ಕ್ಯಾರೊಲಿನಾದ ಜೋ ಕ್ವಿಗ್ ಎರಡು ಫ್ರೀ ಥ್ರೋ (ಫೌಲ್ ಆದಾಗ ಸಿಗುವ, ಯಾರೂ ತಡೆಯದ, ಒಂದೊಂದು ಪಾಯಿಂಟ್‌ನ ಎಸೆತ) ಹಾಕಿದ. ಕಾನ್ಸಾಸ್ ವಿಲ್ಟ್‌ಗೆ ಎತ್ತರಕ್ಕೆ ಪಾಸ್ ಎಸೆಯಿತು, ಅದಕ್ಕೂ ಕ್ವಿಗ್‌ನದೇ ಕೈ ಅಡ್ಡ ಬಂತು. ಚೆಂಡು ಕೆರ್ನ್ಸ್ ಕೈಗೆ. ಅವನು ಅದನ್ನು ಸೂರಿನತ್ತ ಎತ್ತಿ ಎಸೆದ, ಅದು ಕೆಳಗೆ ಬರುವಷ್ಟರಲ್ಲಿ ಸಮಯ ಮುಗಿಯಿತು. 54-53. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸೋತ ವಿಲ್ಟ್‌ಗೇ ಬಂತು. ಇನ್ನೊಂದು ವರ್ಷ ಆಡಿ ಹೊರಟುಹೋದ ಆತ, ತನ್ನ ಜೆರ್ಸಿಗೆ ಗೌರವ ಕೊಡುವ ಸಮಾರಂಭಕ್ಕೆ ಬಂದಿದ್ದು 1998ರಲ್ಲಿ.

ನಂತರದ ಕಾಲು ಶತಮಾನವನ್ನು ಬೇಗ ದಾಟುತ್ತೇನೆ. ಟೆಡ್ ಓವೆನ್ಸ್ ಕಾಲದಲ್ಲಿ ಎರಡು ಸಲ ಸೆಮಿಫೈನಲ್ ತಲುಪಿದ್ದು ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ.

1983ರಲ್ಲಿ ಲ್ಯಾರಿ ಬ್ರೌನ್ ಬಂದರು. ಅವರು ಡೀನ್ ಸ್ಮಿತ್ ಬಳಿ ಪಳಗಿದವರು. ಅಂದರೆ ಲಾರೆನ್ಸ್‌ನಿಂದ ಹೋದ ವಿದ್ಯೆ ನಾರ್ತ್ ಕ್ಯಾರೊಲಿನಾ ಸುತ್ತಿಕೊಂಡು ವಾಪಸ್ ಬಂತು. 1988ರಲ್ಲಿ 11 ಪಂದ್ಯ ಸೋತಿದ್ದ ತಂಡ ಡ್ಯಾನಿ ಮ್ಯಾನಿಂಗ್ ಬೆನ್ನೇರಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಒಕ್ಲಹೋಮಾ ಎದುರು ಅವನದ್ದು 31 ಪಾಯಿಂಟ್, 18 ರೀಬೌಂಡ್. ಕೆಲವೇ ತಿಂಗಳಲ್ಲಿ ಬ್ರೌನ್ ವೃತ್ತಿಪರರ ಲೀಗ್ ಎನ್‌ಬಿಎಗೆ ಹೋದರು, ಆಟಗಾರರನ್ನು ಸೇರಿಸಿಕೊಳ್ಳುವ ನಿಯಮ ಮುರಿದದ್ದಕ್ಕೆ ಮುಂದಿನ ವರ್ಷ ತಂಡಕ್ಕೆ ಟೂರ್ನಿಯಿಂದಲೇ ನಿಷೇಧ ಬಿತ್ತು. ಚಾಂಪಿಯನ್ನರಿಗೆ ಹಾಗಾಗಿದ್ದು ಅದೇ ಮೊದಲು.

ಅವರ ನಂತರ ಬಂದ ರಾಯ್ ವಿಲಿಯಮ್ಸ್ ಕೂಡ ಸ್ಮಿತ್ ಗರಡಿಯವರೇ. 15 ವರ್ಷ ಇದ್ದು, 2003ರ ಫೈನಲ್‌ನಲ್ಲಿ ಸಿರಾಕ್ಯೂಸ್‌ಗೆ 81-78ರಲ್ಲಿ ಸೋತು, ಬೆನ್ನಲ್ಲೇ ನಾರ್ತ್ ಕ್ಯಾರೊಲಿನಾಗೆ ಹೊರಟರು. ಅಭಿಮಾನಿಗಳಿಗೆ ಆ ಸಿಟ್ಟು ಬಹಳ ವರ್ಷ ಇಳಿಯಲಿಲ್ಲ. ಅವರ ಜಾಗಕ್ಕೆ ಬಂದ ಬಿಲ್ ಸೆಲ್ಫ್, 1985-86ರಲ್ಲಿ ಇದೇ ಲಾರೆನ್ಸ್‌ನಲ್ಲಿ ಬ್ರೌನ್ ಕೈಕೆಳಗೆ ಸಹಾಯಕರಾಗಿದ್ದವರು. ನೋಡಿ, ನೈಸ್ಮಿತ್, ಅಲೆನ್, ಸ್ಮಿತ್, ಬ್ರೌನ್, ಸೆಲ್ಫ್. ಸರಪಳಿ ಎಲ್ಲೂ ತುಂಡಾಗಿಲ್ಲ. ನೂರು ವರ್ಷ ದಾಟಿದ ತಂಡಕ್ಕೆ ಸೆಲ್ಫ್ ಎಂಟನೇ ಕೋಚ್ ಅಷ್ಟೇ. ತಂಡ ಹೆಸರು ಮಾಡಿದ್ದು ಹೇಗೆ ಅನ್ನುವುದಕ್ಕೆ ನನ್ನ ಉತ್ತರ ಇದೇ. ಬೇರೆ ಕಡೆ ತಾರೆ ಆಟಗಾರ ಹೋದರೆ ತಂಡ ಕುಸಿಯುತ್ತದೆ, ಇಲ್ಲಿ ಕಲಿಸುವವರ ಸಾಲು ಮುಂದುವರಿಯುತ್ತಲೇ ಬಂತು.

2008ರ ಕಪ್ ಈ ನಂಟುಗಳ ಹಬ್ಬ. ಸೆಮಿಫೈನಲ್‌ನಲ್ಲಿ ವಿಲಿಯಮ್ಸ್ ಅವರ ನಾರ್ತ್ ಕ್ಯಾರೊಲಿನಾವನ್ನು 84-66ರಲ್ಲಿ ಹೊಡೆದರು. ಫೈನಲ್‌ನಲ್ಲಿ ಮೆಂಫಿಸ್. ಅದರ ಕೋಚ್ ಜಾನ್ ಕ್ಯಾಲಿಪಾರಿ ಕೂಡ ಕಾನ್ಸಾಸ್‌ನಲ್ಲೇ ಸಹಾಯಕರಾಗಿ ಕೆಲಸ ಕಲಿತವರು! ಎರಡು ನಿಮಿಷ ಚಿಲ್ಲರೆ ಉಳಿದಾಗ ಮೆಂಫಿಸ್ 9 ಪಾಯಿಂಟ್ ಮುಂದಿತ್ತು. ಆಮೇಲೆ ಅವರ ಫ್ರೀ ಥ್ರೋಗಳು ಒಂದರ ಹಿಂದೊಂದು ತಪ್ಪಿದವು. ಕೊನೆಗೆ ಮೂರು ಪಾಯಿಂಟ್ ಅಂತರ. ಶೆರಾನ್ ಕಾಲಿನ್ಸ್ ಚೆಂಡು ತಂದು, ಮುಗ್ಗರಿಸುತ್ತಲೇ ಮಾರಿಯೋ ಚಾಮರ್ಸ್ ಕೈಗೆ ದಾಟಿಸಿದ. ಡೆರಿಕ್ ರೋಸ್ ಚಾಚಿದ ಕೈ ಮೇಲಿಂದ ಚಾಮರ್ಸ್ ದೂರದಿಂದ ಎಸೆದ ಮೂರು ಪಾಯಿಂಟ್‌ನ ಚೆಂಡು ಒಳಗೆ ಬಿದ್ದಾಗ ಉಳಿದಿದ್ದು 2.1 ಸೆಕೆಂಡ್. ಓವರ್‌ಟೈಮ್‌ನಲ್ಲಿ 75-68. ಮೆಂಫಿಸ್ ಬೇಕಂತಲೇ ಫೌಲ್ ಮಾಡಿ, ಎರಡು ಫ್ರೀ ಥ್ರೋ ಕೊಟ್ಟರೂ ಸರಿ, ಆ ಎಸೆತವನ್ನೇ ತಡೆಯಬೇಕಿತ್ತು ಅಂತ ಇವತ್ತಿಗೂ ವಾದ ಇದೆ. ನಾನೂ ಆ ವಾದದ ಕಡೆಯವನೇ.

2022ರಲ್ಲಿ ನ್ಯೂ ಓರ್ಲಿಯನ್ಸ್‌ನಲ್ಲಿ ಮತ್ತೆ ಅದೇ ನಾರ್ತ್ ಕ್ಯಾರೊಲಿನಾ. 16 ಪಾಯಿಂಟ್ ಹಿಂದಿದ್ದ ಕಾನ್ಸಾಸ್ 72-69ರಲ್ಲಿ ಗೆದ್ದಿತು. ಫೈನಲ್‌ಗಳಲ್ಲಿ ಅಷ್ಟು ಹಿಂದೆ ಬಿದ್ದು ಗೆದ್ದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಅಲ್ಲಿಗೆ ನಾಲ್ಕು ಎನ್‌ಸಿಎಎ ಕಪ್. ಒಂದು ಕಪ್ಪು ಚುಕ್ಕೆಯನ್ನೂ ಹೇಳಿಬಿಡುತ್ತೇನೆ: ನಿಯಮ ಉಲ್ಲಂಘನೆಯ ಪ್ರಕರಣದಲ್ಲಿ 2018ರ ಸೆಮಿಫೈನಲ್ ಪ್ರವೇಶವನ್ನು 2023ರಲ್ಲಿ ದಾಖಲೆಯಿಂದ ಅಳಿಸಿಹಾಕಲಾಯಿತು.

ಲಾರೆನ್ಸ್ ಕಡೆ ಹೋಗುವ ಅವಕಾಶ ಸಿಕ್ಕರೆ ಅಲೆನ್ ಫೀಲ್ಡ್‌ಹೌಸ್ ತಪ್ಪಿಸಬೇಡಿ. 1955ರ ಕಟ್ಟಡ, 15 ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತದೆ. ಕಟ್ಟಡಕ್ಕೆ ಶಿಷ್ಯನ ಹೆಸರು, ಒಳಗಿನ ಅಂಕಣಕ್ಕೆ ಗುರು ನೈಸ್ಮಿತ್ ಹೆಸರು. ಪಂದ್ಯಕ್ಕೆ ಮೊದಲು ಜನ ಎಳೆದೆಳೆದು ಹಾಡುವ 'ರಾಕ್ ಚಾಕ್' ಕೂಗು 1886ರದ್ದು, ಬ್ಯಾಸ್ಕೆಟ್‌ಬಾಲ್‌ಗಿಂತಲೂ ಹಳೆಯದು. ಪಕ್ಕದ ಕಟ್ಟಡದಲ್ಲಿ ನೈಸ್ಮಿತ್ ಅವರ ಆ 13 ನಿಯಮಗಳ ಮೂಲ ಪ್ರತಿ ಇದೆ. ಡೇವಿಡ್ ಬೂತ್ ಎಂಬ ಹಳೆಯ ವಿದ್ಯಾರ್ಥಿ 2010ರ ಹರಾಜಿನಲ್ಲಿ 43 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿದ್ದು. ಪಂದ್ಯದ ಟಿಕೆಟ್ ಸಿಗದಿದ್ದರೂ ಅದನ್ನು ನೋಡಿಕೊಂಡು ಬನ್ನಿ.