ಪಾಸ್ಟರ್ ಒಬ್ಬರೇ ಕಾಣಿಕೆ ಹಣ ನೋಡಿಕೊಳ್ಳುವ ಸಭೆಯಲ್ಲಿ ಲೆಕ್ಕ ಕೇಳುವುದು ತಪ್ಪಾ?

ನಿಮ್ಮದು ಸ್ವತಂತ್ರ ಸಭೆ (ಯಾವ ದೊಡ್ಡ ಪಂಗಡಕ್ಕೂ ಸೇರದ ಚರ್ಚ್), ಕಾಣಿಕೆ, ದಶಮಾಂಶ ಎಲ್ಲ ಪಾಸ್ಟರ್ ಕೈಯಲ್ಲಿ, ಲೆಕ್ಕ ಕೇಳಿದರೆ "ಅಭಿಷಿಕ್ತರನ್ನು (ದೇವರು ಆರಿಸಿದವರನ್ನು) ಮುಟ್ಟಬಾರದು" ಅನ್ನುತ್ತಾರೆ ಎಂದಿದ್ದೀರಿ. ಕೇಳುವುದು ಖಂಡಿತ ತಪ್ಪಲ್ಲ. ಯೆರೂಸಲೇಮಿಗೆಂದು ಕೂಡಿಸಿದ ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ಪೌಲನೇ ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಕಳಿಸಿದ (2 ಕೊರಿಂಥ 8:18-21). ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಎನ್ನುವ 1 ತಿಮೊಥೆಯ 5:19 ಹೇಳಿ ಬಾಯಿ ಮುಚ್ಚಿಸುವವರು, ತಪ್ಪು ಮಾಡುವವರನ್ನು ಎಲ್ಲರ ಮುಂದೆ ಗದರಿಸು ಎನ್ನುವ 20ನೇ ವಚನಕ್ಕೆ ಹೋಗುವುದೇ ಇಲ್ಲ.

ಮೊದಲು ಎಣಿಕೆ ಸರಿಮಾಡಿ. ಆರಾಧನೆ ಮುಗಿದ ಕೂಡಲೇ, ಸಭೆಯಲ್ಲೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಲಿ. 500ರ ನೋಟು ಎಷ್ಟು, 200ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಕಾರ್ಬನ್ ಇಟ್ಟು ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಲಿ. ಒಂದು ಖಜಾಂಚಿಗೆ, ಇನ್ನೊಂದು ಕಾರ್ಯದರ್ಶಿಗೆ. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ ಹೋಗಬೇಕು. ಎಡವುವುದು ಇಲ್ಲೇ: "ಕರೆಂಟ್ ಬಿಲ್ಲಿಗೆ ಎರಡು ಸಾವಿರ ತೆಗೆದಿಟ್ಟೆವು" ಎಂದು ಚೀಲದಿಂದಲೇ ಖರ್ಚು ಮಾಡುತ್ತಾರೆ. ಆಮೇಲೆ ಚೀಟಿಗೂ ಪಾಸ್‌ಬುಕ್ಕಿಗೂ ತಾಳೆಯಾಗುವುದಿಲ್ಲ, ವ್ಯತ್ಯಾಸ ಖರ್ಚಿನದೋ ಕಳವಿನದೋ ಗೊತ್ತಾಗುವುದಿಲ್ಲ. ಖರ್ಚು ಚೆಕ್ಕಿನಲ್ಲಿರಲಿ, ಇಬ್ಬರ ಸಹಿ ಬೇಕು. ಆ ಇಬ್ಬರು ಪಾಸ್ಟರ್ ಮತ್ತು ಅವರ ಹೆಂಡತಿ ಆಗಿರಬಾರದು.

ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ನೋಡಿ. ಪಾಸ್ಟರ್ ಹೆಸರೇ ಬಂದರೆ ಹಣ ಅವರ ಸ್ವಂತ ಖಾತೆಗೆ ಸೇರುತ್ತಿದೆ. ಅವರು ಪ್ರಾಮಾಣಿಕರೇ ಇರಬಹುದು, ಆದರೆ ನಾಳೆ ಅದನ್ನು ತೋರಿಸಿಕೊಡಲು ಅವರಿಗೇ ಕಷ್ಟ. ವಿದೇಶಿ ದೇಣಿಗೆಗಂತೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕೇ ಬೇಕು. 2020ರ ತಿದ್ದುಪಡಿಯ ನಂತರ ಅದು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.

ಪಾಸ್ಟರ್ ಸಂಬಳವನ್ನು ಸಮಿತಿ ಬರವಣಿಗೆಯಲ್ಲಿ ನಿಗದಿ ಮಾಡಲಿ. ಅರೆಹೊಟ್ಟೆ ಸಂಬಳ ಕೊಟ್ಟು "ದೇವರು ನೋಡಿಕೊಳ್ತಾನೆ" ಅನ್ನುವ ಸಭೆಗೆ ಲೆಕ್ಕ ಕೇಳುವ ಮುಖವೂ ಇರುವುದಿಲ್ಲ, ಬಿಡಿ.

ಇಷ್ಟಕ್ಕೂ ಬಗ್ಗದಿದ್ದರೆ ಟ್ರಸ್ಟ್ ಡೀಡ್ (ಸಭೆಯ ಟ್ರಸ್ಟ್ ಸ್ಥಾಪಿಸಿದ ದಾಖಲೆ) ಪ್ರತಿ ಮತ್ತು ಲೆಕ್ಕಪತ್ರವನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಧಾರ್ಮಿಕ ಟ್ರಸ್ಟ್ ಆಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ಅದರಲ್ಲಿ ಹಿತಾಸಕ್ತಿ ಇರುವ ಕನಿಷ್ಠ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಲೆಕ್ಕ ಕೊಡಿಸುವುದು, ಟ್ರಸ್ಟಿಯನ್ನು ತೆಗೆಯುವುದು ಎರಡನ್ನೂ ಕೇಳಬಹುದು. ಒಬ್ಬರೇ ಹೋದರೆ ಆಗದು.

ದೂರು ಹಣದ್ದಲ್ಲದೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದಾದರೆ ಮಾತ್ರ ಹಿರಿಯರ ಸಮಿತಿಗೆ ಕಾಯಬೇಡಿ. ಪೋಕ್ಸೋ ಕಾಯ್ದೆಯ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ಮುಚ್ಚಿಟ್ಟರೆ 21ನೇ ಕಲಮಿನಡಿ ಅದೂ ಅಪರಾಧ.